‘ಮನೆಗೆ ಕರ್ಕೊಂಡು ಹೋಗಿ’ ಅಂದಮೇಲೆ

‘ನಮ್ಮ ಕೈಲಾದದ್ದನ್ನೆಲ್ಲ ಮಾಡಿದ್ದೇವೆ. ಇನ್ನು ಮನೆಗೆ ಕರ್ಕೊಂಡು ಹೋಗಿ.’ ರಕ್ತದ ಕ್ಯಾನ್ಸರ್ ಮತ್ತೆ ಮರುಕಳಿಸಿದ ಮಗುವಿನ ತಂದೆತಾಯಿ, ಮೆದುಳಿನ ಬುಡದಲ್ಲಿ ಗಡ್ಡೆ ಬೆಳೆದ ಮಗುವಿನವರು, ಡುಶೇನ್ ಎಂಬ ಸ್ನಾಯುಕ್ಷಯದಿಂದ ಉಸಿರಾಟದ ಸ್ನಾಯುಗಳೂ ಸೋತುಹೋದ ಹುಡುಗನ ಮನೆಯವರು ಒಂದಲ್ಲ ಒಂದು ದಿನ ಈ ಮಾತು ಕೇಳಿಸಿಕೊಳ್ಳುತ್ತಾರೆ. ಹೇಳುವ ವೈದ್ಯರಿಗೂ ಅದೇನು ಸುಲಭವಲ್ಲ. ಆದರೆ ಅದರ ಬೆನ್ನಿಗೇ ಬರಬೇಕಾದ ವಿವರಗಳು ಎಷ್ಟೋ ಸಲ ಬರುವುದೇ ಇಲ್ಲ. ಮನೆಯಲ್ಲಿ ನೋವು ಹೆಚ್ಚಾದರೆ ಏನು ಕೊಡಬೇಕು? ಮಧ್ಯರಾತ್ರಿ ಫಿಟ್ಸ್ ಬಂದರೆ ಯಾರಿಗೆ ಫೋನ್ ಮಾಡಬೇಕು? ಊಟ ಬಿಟ್ಟರೆ ಏನು ಮಾಡಬೇಕು? ಅಣ್ಣನಿಗೆ, ತಂಗಿಗೆ ಏನೆಂದು ಹೇಳಬೇಕು?

ಈ ಬರಹ ಆ ವಿವರಗಳಿಗಾಗಿ. ಓದುವವರು ತಂದೆತಾಯಿಯೇ ಆಗಬೇಕೆಂದಿಲ್ಲ. ಅಂಥ ದಿನಗಳಲ್ಲಿ ಅವರಿಗೆ ಕೂತು ಓದುವ ಚೈತನ್ಯ ಇರುವುದಿಲ್ಲ. ಚಿಕ್ಕಮ್ಮ, ಸೋದರಮಾವ, ಪಕ್ಕದ ಮನೆಯವರು, ಶಾಲೆಯ ಮೇಷ್ಟ್ರು, ಅಪ್ಪನ ಜೊತೆ ಕೆಲಸ ಮಾಡುವವರು ತಿಳಿದುಕೊಂಡರೆ ಅವರ ಭಾರ ಎಷ್ಟೋ ಇಳಿಯುತ್ತದೆ. ರೋಗ ವಾಸಿ ಮಾಡುವ ಚಿಕಿತ್ಸೆ ನಿಂತ ದಿನದಿಂದ ಮಗುವಿನ ಆರೈಕೆ ಹೆಚ್ಚಬೇಕು, ಮನೆಯವರಿಗೆ ಸಮಾಧಾನದ ಮಾತಿಗಿಂತ ಮುಂಚೆ ಕೈಕೆಲಸದ ನೆರವು ಸಿಗಬೇಕು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಬೇಗ ಕೇಳಿ, ಕಾಗದ ಸರಿಯಾಗಿ ಪಡೆಯಿರಿ

ಉಪಶಾಮಕ ಆರೈಕೆ, ಅಂದರೆ ಆಸ್ಪತ್ರೆಯವರು ಪ್ಯಾಲಿಯೇಟಿವ್ ಕೇರ್ ಎನ್ನುವುದು, ಸಾಯುವ ವಾರದ ವಾರ್ಡು ಎಂಬ ಭಯ ನಮ್ಮಲ್ಲಿ ಆಳವಾಗಿದೆ. ‘ಅಲ್ಲಿಗೆ ಕಳಿಸಿದರೆ ನಾವೇ ಕೈಬಿಟ್ಟಂತೆ’ ಎಂದು ಅಜ್ಜಿ ಅಳುತ್ತಾರೆ, ಅಪ್ಪ ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಮಕ್ಕಳ ಉಪಶಾಮಕ ಆರೈಕೆ ಹೇಗಿರಬೇಕೆಂದು ಬಿಡಿಸಿ ಹೇಳಿದೆ. ಗಂಭೀರ ಕಾಯಿಲೆ ಪತ್ತೆಯಾದಾಗಲೇ ಅದು ಶುರುವಾಗಬೇಕು. ಕಾಯಿಲೆಗೆ ಚಿಕಿತ್ಸೆ ನಡೆಯಲಿ, ಬಿಡಲಿ, ಅದು ಮುಂದುವರಿಯಬೇಕು. ಮಗುವಿನ ಮೈಮನಸ್ಸುಗಳ ಜೊತೆಗೆ ಮನೆಯವರನ್ನೂ ನೋಡಿಕೊಳ್ಳಬೇಕು. ಕೀಮೋ ನಡೆಯುವಾಗಲೇ ಬಾಯಿಹುಣ್ಣಿನ ನೋವಿಗೆ, ವಾಂತಿಗೆ, ನಿದ್ದೆಗೆ ಈ ವಿಭಾಗದ ವೈದ್ಯರನ್ನು ಕಂಡ ಮಕ್ಕಳಲ್ಲಿ ಗುಣವಾಗಿ ಶಾಲೆಗೆ ಮರಳುವವರೂ ಇರುತ್ತಾರೆ. ಸ್ನಾಯುಕ್ಷಯ, ತೀವ್ರ ಸೆರೆಬ್ರಲ್ ಪಾಲ್ಸಿ, ಆಪರೇಷನ್ ಮಾಡಲಾಗದ ಹೃದಯದೋಷ ಇರುವ ಮಕ್ಕಳು ವರ್ಷಗಟ್ಟಲೆ ಇದರ ನೆರವಿನಲ್ಲಿ ಬದುಕುತ್ತಾರೆ.

ಕರ್ನಾಟಕದಲ್ಲಿ ಎಲ್ಲಿ ಕೇಳುವುದು? ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ಪಡೆಯದೆ ನೋಡಿಕೊಳ್ಳುತ್ತಿದೆ. ಅದರ ತಂಡ ಮನೆಗೂ ಬರುತ್ತದೆ. ಬೀದರ್, ಕಲಬುರಗಿ, ರಾಯಚೂರಿನವರು ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಸಂಸ್ಥೆಗೆ, ಬೆಳಗಾವಿ ಕಡೆಯವರು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುವುದುಂಟು. ಎರಡೂ ಕಡೆ ಮಕ್ಕಳಿಗೆಂದೇ ಉಪಶಾಮಕ ಆರೈಕೆಯ ತಂಡ ಇದೆ. ನಿಮ್ಮ ಊರಿನ ಹತ್ತಿರ ಯಾರಿದ್ದಾರೆಂದು ತಿಳಿಯಲು ಉಪಶಾಮಕ ಆರೈಕೆಯ ಶುಲ್ಕರಹಿತ ಸಹಾಯವಾಣಿಗೆ, 1800-202-7777, ಫೋನ್ ಮಾಡಬಹುದು. ಈ ಓಡಾಟ, ಫೋನು, ವಿಚಾರಣೆ ತಂದೆತಾಯಿ ಮಾಡಬೇಕಾದ್ದಲ್ಲ. ನೆಂಟರಲ್ಲಿ ಒಬ್ಬರು ಹೊತ್ತುಕೊಳ್ಳಬೇಕಾದ ಮೊದಲ ಕೆಲಸ ಇದು.

ಆಸ್ಪತ್ರೆಯಿಂದ ಹೊರಡುವಾಗ ಒಂದು ಎಚ್ಚರಿಕೆ. ಎಷ್ಟೋ ಕಡೆ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸಿಬಿಡುತ್ತಾರೆ. ಹಾಗೆ ಹೊರಟ ಮಗುವಿನ ಜೊತೆ ಔಷಧದ ಚೀಟಿ ಬರುವುದಿಲ್ಲ, ಕಾಯಿಲೆಯ ವಿವರ ಬರುವುದಿಲ್ಲ. ಊರಿನ ಡಾಕ್ಟರು ಮುಟ್ಟಲು ಹೆದರುತ್ತಾರೆ. ವೈದ್ಯರೇ ಇನ್ನು ಚಿಕಿತ್ಸೆಯಿಂದ ಉಪಯೋಗವಿಲ್ಲ ಎಂದಿದ್ದರೆ ಅದು ನಿಮ್ಮ ಹಟದ ಡಿಸ್ಚಾರ್ಜ್ ಅಲ್ಲ ಎಂದು ವಿನಯವಾಗಿ, ಆದರೆ ಗಟ್ಟಿಯಾಗಿ ಹೇಳಿ. ಪೂರ್ತಿ ಡಿಸ್ಚಾರ್ಜ್ ಸಮ್ಮರಿ, ನೋವಿನ ಮತ್ತು ಫಿಟ್ಸಿನ ಔಷಧ, ರಾತ್ರಿ ಹೊತ್ತು ಕರೆ ಮಾಡಬಹುದಾದ ಒಂದು ನಂಬರು ಕೈಗೆ ಬರುವವರೆಗೆ ಹೊರಡಬೇಡಿ. ಆ ಸಮ್ಮರಿಯ ನಾಲ್ಕು ನೆರಳಚ್ಚು ತೆಗೆಸಿಡಿ. ಖರ್ಚಿನ ವಿಷಯಕ್ಕೆ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಮತ್ತು ಸಮಾಜ ಕಾರ್ಯಕರ್ತರನ್ನು ಕಾಣಿ. ಚಿಕಿತ್ಸೆಗೆಂದು ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವವರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಅದರ ಫಾರಂಗೆ ಆಸ್ಪತ್ರೆಯ ಮುದ್ರೆ ಬೇಕು.

ಇದೇ ಹೊತ್ತಿಗೆ ಮನೆಗೆ ಸಲಹೆಗಳ ಹೊಳೆಯೂ ಹರಿಯುತ್ತದೆ. ಅಲ್ಲೊಬ್ಬರು ನಾಟಿ ಔಷಧ ಕೊಡುತ್ತಾರೆ, ಇಲ್ಲೊಬ್ಬರು ಲಕ್ಷಗಟ್ಟಲೆ ಪಡೆದು ಸ್ಟೆಮ್ ಸೆಲ್ ಹಾಕುತ್ತಾರೆ ಎಂದು. ಹರಕೆ, ಪೂಜೆ, ದರ್ಗಾದ ತಾಯತ, ಚರ್ಚಿನ ಪ್ರಾರ್ಥನೆ ಮನೆಯವರಿಗೆ ಬಲ ಕೊಡುವುದಾದರೆ ಯಾರೂ ತಡೆಯಬಾರದು. ಆದರೆ ನೋವಿನ ಮಾತ್ರೆ ನಿಲ್ಲಿಸಬೇಕು ಎನ್ನುವವರು, ಇರುವ ಎರಡು ಎಕರೆ ಮಾರಿಸುವವರು ಬಂದಾಗ ಮನೆಯ ಹಿರಿಯರೊಬ್ಬರು ಅಡ್ಡ ನಿಲ್ಲಲೇಬೇಕು. ತಂದೆತಾಯಿಗೆ ಆ ಹೊತ್ತಿನಲ್ಲಿ ಬೇಡ ಎನ್ನುವ ಶಕ್ತಿ ಇರುವುದಿಲ್ಲ. ಬೇಡವೆಂದರೆ ಮಗುವಿಗೆ ಮೋಸ ಮಾಡಿದಂತೆ ಅವರಿಗೆ ಅನಿಸುತ್ತದೆ.

ನೋವನ್ನು ಸಹಿಸಿಕೊಳ್ಳಬೇಕಾಗಿಲ್ಲ

ಮಕ್ಕಳ ನೋವನ್ನು ದೊಡ್ಡವರು ಕಡಿಮೆ ಅಂದಾಜು ಮಾಡುತ್ತಾರೆ. ಅಳದ ಮಗುವಿಗೆ ನೋವಿಲ್ಲ ಎಂದುಕೊಳ್ಳುತ್ತಾರೆ. ಬಹಳ ದಿನದಿಂದ ನೋವಿರುವ ಮಗು ಅಳುವುದನ್ನು ಬಿಟ್ಟು ಸುಮ್ಮನೆ ಒಂದೇ ಮಗ್ಗುಲಲ್ಲಿ ಮಲಗಿಬಿಡುತ್ತದೆ. ಆಟದ ಸಾಮಾನು ಕೊಟ್ಟರೂ ಕೈ ಚಾಚುವುದಿಲ್ಲ. ಇಂಜೆಕ್ಷನ್ನಿಗೆ ಹೆದರಿ ನೋವನ್ನು ಮುಚ್ಚಿಡುವ ಮಕ್ಕಳಿದ್ದಾರೆ, ಅಮ್ಮ ಅಳುತ್ತಾಳೆಂದು ಮುಚ್ಚಿಡುವವರೂ ಇದ್ದಾರೆ. ಸ್ವಲ್ಪ ದೊಡ್ಡ ಮಗುವಿಗೆ ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳ ಸಾಲು ತೋರಿಸಿ ‘ಈಗ ಯಾವುದು?’ ಎಂದು ಕೇಳುವ ಪದ್ಧತಿ ಇದೆ. ಮಾತು ಬಾರದ ಮಗುವಿನಲ್ಲಿ ಮುಖ ಕಿವುಚುವುದು, ಕಾಲು ಮಡಚಿಕೊಳ್ಳುವುದು, ಮೈ ಬಿಗಿಯುವುದು, ಅಳುವಿನ ರೀತಿ, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಎಂಬ ಐದು ಸಂಗತಿಗಳನ್ನು ನೋಡುತ್ತಾರೆ. ಒಂದು ನೋಟ್‌ಬುಕ್ ಇಟ್ಟು ಹೊತ್ತು, ನೋವು, ಕೊಟ್ಟ ಔಷಧ ಬರೆದಿಡಿ. ವೈದ್ಯರು ಫೋನಿನಲ್ಲೇ ಪ್ರಮಾಣ ಹೊಂದಿಸಲು ಅದರಷ್ಟು ನೆರವಾಗುವುದು ಬೇರೆ ಇಲ್ಲ.

ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್‌ನಂಥ ಔಷಧ. ಅದಕ್ಕೆ ಬಗ್ಗದಿದ್ದರೆ ನೇರವಾಗಿ ಮಾರ್ಫಿನ್. ಮಕ್ಕಳಿಗೆ ಈ ಎರಡೇ ಮೆಟ್ಟಿಲು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿತು. ನಡುವಿನ ಮೆಟ್ಟಿಲಾಗಿದ್ದ ಕೊಡೀನ್ ಮಕ್ಕಳಲ್ಲಿ ನಂಬಿಕೆಗೆ ಅರ್ಹವಲ್ಲ ಎಂದು ಕೈಬಿಟ್ಟಿತು. ಮಾರ್ಫಿನ್ ಅಂದರೆ ಬೆಚ್ಚಿಬೀಳುವವರೇ ಹೆಚ್ಚು. ‘ಅಫೀಮು ಕೊಡ್ತೀರಾ ಮಗೂಗೆ? ಚಟ ಹತ್ತಿಬಿಟ್ಟರೆ? ಬೇಗ ಹೋಗಿಬಿಟ್ಟರೆ?’ ಎಂದು ಅಜ್ಜ ಕೇಳುತ್ತಾರೆ. ಅಫೀಮಿನಿಂದಲೇ ತೆಗೆದ ಔಷಧ ಹೌದು. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟಾಗ ಅದು ಸಾವನ್ನು ಮುಂದೆ ತರುವುದಿಲ್ಲ. ನೋವು ಇಳಿದ ಮಗು ನಿದ್ದೆ ಮಾಡುತ್ತದೆ, ಎದ್ದ ಮೇಲೆ ಕಾರ್ಟೂನು ಹಾಕು ಅನ್ನುತ್ತದೆ. ಮೈ ಒಗ್ಗಿದ ಮೇಲೆ ಔಷಧವನ್ನು ಒಮ್ಮೆಲೇ ನಿಲ್ಲಿಸಬಾರದು, ಅಷ್ಟೆ. ಮೈ ಒಗ್ಗುವುದಕ್ಕೂ ಚಟಕ್ಕೂ ಸಂಬಂಧವಿಲ್ಲ.

ಕೊಡುವ ಕ್ರಮ ಮುಖ್ಯ. ನೋವು ಬಂದಮೇಲೆ ಕೊಡೋಣವೆಂದು ಕಾಯದೆ ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡಬೇಕು, ರಾತ್ರಿಯೂ. ನಡುವೆ ನೋವು ಒದ್ದುಕೊಂಡು ಬಂದರೆ ಕೊಡಬೇಕಾದ ಹೆಚ್ಚುವರಿ ಪ್ರಮಾಣ ಎಷ್ಟೆಂದು ಮೊದಲೇ ಬರೆಸಿಕೊಂಡಿರಬೇಕು. ಮೊದಲ ಎರಡು ಮೂರು ದಿನ ಮಂಪರು ಸಹಜ. ಮಲಬದ್ಧತೆಯಂತೂ ಬಂದೇ ಬರುತ್ತದೆ. ಆದ್ದರಿಂದ ಹೊಟ್ಟೆ ಸಡಿಲಿಸುವ ಔಷಧವನ್ನು ಮೊದಲ ದಿನದಿಂದಲೇ ಕೇಳಿ ಪಡೆಯಿರಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು, ಒಮ್ಮೆಲೇ ಮೈಗೇರಿ ಅಪಾಯವಾಗುತ್ತದೆ. ಮಾತ್ರೆಗಳನ್ನು ಬೀಗ ಹಾಕಿಡಿ, ಉಳಿದದ್ದನ್ನು ಆಸ್ಪತ್ರೆಗೆ ಹಿಂದಿರುಗಿಸಿ.

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿಯಿಂದ ಎಷ್ಟೋ ವರ್ಷ ಆಸ್ಪತ್ರೆಗಳೇ ಅದನ್ನು ಇಡಲು ಹೆದರುತ್ತಿದ್ದವು. ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸಲೀಸಾಯಿತು. ಎಂ.ಆರ್. ರಾಜಗೋಪಾಲ್ ಅವರಂಥ ವೈದ್ಯರು ವರ್ಷಗಟ್ಟಲೆ ದುಡಿದದ್ದರ ಫಲ ಅದು. ಆದರೂ ಜಿಲ್ಲೆಗಳಲ್ಲಿ ಸಿಗುವುದು ಇಂದಿಗೂ ಕಷ್ಟವೇ. ಹಾಗಾಗಿ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತರಲು ಒಬ್ಬರನ್ನು ಗೊತ್ತುಮಾಡಿ. ಚೀಟಿ ಹಿಡಿದು ಬಸ್ಸು ಹತ್ತುವ ಆ ಚಿಕ್ಕಪ್ಪ ಮಗುವಿಗೆ ಕೊಡುತ್ತಿರುವುದು ನೋವಿಲ್ಲದ ಒಂದು ವಾರ.

ಮಗುವಿಗೆ ಹೇಳಬೇಕೇ?

ಮನೆಮನೆಯಲ್ಲಿ ಜಗಳವಾಗುವ ಪ್ರಶ್ನೆ ಇದು. ನಮ್ಮಲ್ಲಿ ದೊಡ್ಡವರಿಗೇ ಕಾಯಿಲೆಯ ಹೆಸರು ಹೇಳುವುದಿಲ್ಲ, ಮಗುವಿಗೆ ಹೇಳುವುದೆಂದರೆ ಕ್ರೌರ್ಯವೆಂದೇ ಭಾವನೆ. ಆದರೆ ಮಕ್ಕಳಿಗೆ ಗೊತ್ತಿರುತ್ತದೆ. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರ್ ಇದ್ದ ಪುಟ್ಟ ಮಕ್ಕಳ ನಡುವೆ ಕಾಲ ಕಳೆದು 1978ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಯಾರೂ ಹೇಳದಿದ್ದರೂ ಆ ಮಕ್ಕಳು ತಾವು ಸಾಯುತ್ತಿದ್ದೇವೆಂದು ಅರಿತಿದ್ದರು. ಪಕ್ಕದ ಹಾಸಿಗೆಯ ಗೆಳೆಯ ಕಾಣದಾದದ್ದು, ಔಷಧ ಬದಲಾದದ್ದು, ನರ್ಸುಗಳು ಮಾತು ಕಡಿಮೆ ಮಾಡಿದ್ದು, ಎಲ್ಲವನ್ನೂ ಅವರು ಜೋಡಿಸಿಕೊಂಡಿದ್ದರು. ಅಪ್ಪ ಅಮ್ಮನಿಗೆ ನೋವಾಗದಿರಲೆಂದು ಗೊತ್ತಿಲ್ಲದವರಂತೆ ಇರುತ್ತಿದ್ದರು. ದೊಡ್ಡವರೂ ಹಾಗೇ ಇರುತ್ತಿದ್ದರು. ಪರಿಣಾಮವಾಗಿ ಮಗು ತನ್ನ ಭಯದ ಜೊತೆ ಒಂಟಿಯಾಗಿ ಉಳಿಯುತ್ತಿತ್ತು.

ಸ್ವೀಡನ್ನಿನಲ್ಲಿ ಕ್ಯಾನ್ಸರ್‌ನಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳನ್ನು ವರ್ಷಗಳ ಮೇಲೆ ಕೇಳಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ್ದ 147 ಜನರಲ್ಲಿ ಒಬ್ಬರೂ ‘ಮಾತಾಡಬಾರದಿತ್ತು’ ಎನ್ನಲಿಲ್ಲ. ಮಾತಾಡದಿದ್ದ 258 ಜನರಲ್ಲಿ 69 ಜನ ‘ಮಾತಾಡಬೇಕಿತ್ತು’ ಎಂದು ಕೊರಗುತ್ತಿದ್ದರು. ಅಲ್ಲಿನ ಸಮಾಜ ಬೇರೆ, ನಮ್ಮದು ಬೇರೆ; ಮಾತಾಡದ ಬಹುಪಾಲು ಜನ ಕೊರಗಲಿಲ್ಲ ಎಂಬುದನ್ನೂ ಮರೆಯಬಾರದು. ಯಾರನ್ನೂ ಒತ್ತಾಯಿಸುವಂತಿಲ್ಲ. ಆದರೂ ಮಗುವೇ ಬಾಗಿಲು ತೆರೆದಾಗ ಅದನ್ನು ಮುಚ್ಚಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಮಗು ನೇರವಾಗಿ ಕೇಳುವುದು ಅಪರೂಪ. ‘ನನ್ನ ಸೈಕಲ್ ತಮ್ಮನಿಗೆ ಕೊಡು’, ‘ಮುಂದಿನ ದೀಪಾವಳಿಗೆ ನಾನಿರ್ತೀನಾ?’, ‘ತಾತ ಎಲ್ಲಿದ್ದಾರೆ ಈಗ?’ ಎಂದು ಸುತ್ತಿ ಬರುತ್ತದೆ. ಆಗ ‘ಹಾಗೆಲ್ಲ ಮಾತಾಡಬಾರದು ಬಿಡು, ಬಿಡ್ತು ಅನ್ನು’ ಎಂದರೆ ಅದು ಮತ್ತೆ ಕೇಳುವುದಿಲ್ಲ. ‘ನಿನಗೇನು ಅನ್ನಿಸ್ತಿದೆ ಕಂದ?’ ಎಂದು ಕೇಳಿದರೆ ಅದು ಎಷ್ಟು ತಿಳಿಯಬಯಸುತ್ತದೆಯೋ ಅಷ್ಟೇ ಹೇಳಬಹುದು. ‘ಎಷ್ಟು ಔಷಧ ಕೊಟ್ಟರೂ ಕಾಯಿಲೆ ಹೋಗ್ತಾ ಇಲ್ಲ. ಆದರೆ ನೋವಾಗದ ಹಾಗೆ ನೋಡ್ಕೋತೀವಿ. ನಾನು, ಅಪ್ಪ ನಿನ್ನ ಪಕ್ಕದಲ್ಲೇ ಇರ್ತೀವಿ.’ ಇಷ್ಟರಲ್ಲಿ ಸುಳ್ಳಿಲ್ಲ, ಮಗುವಿಗೆ ಬೇಕಾದ ಆಸರೆಯೂ ಇದೆ. ಅಮ್ಮನ ಕಣ್ಣಲ್ಲಿ ನೀರು ಬಂದರೂ ಪರವಾಗಿಲ್ಲ. ಕೆಲವು ಮಕ್ಕಳಿಗೆ ಚಿತ್ರ ಬಿಡಿಸುವುದು, ಗೊಂಬೆಗೆ ಇಂಜೆಕ್ಷನ್ ಕೊಡುವುದೇ ಮಾತು. ಹದಿಹರೆಯದವರು ಹೆಚ್ಚಾಗಿ ಅಪ್ಪ ಅಮ್ಮನ ಬದಲು ಸೋದರತ್ತೆಯನ್ನೋ ಡಾಕ್ಟರನ್ನೋ ಆರಿಸಿಕೊಳ್ಳುತ್ತಾರೆ. ಆರಿಸಿಕೊಂಡವರು ಓಡಿಹೋಗದೆ ಕೂತು ಕೇಳಬೇಕು.

ಶಾಲೆಯನ್ನು ಬಿಡಿಸುವ ಆತುರ ಬೇಡ. ವಾರಕ್ಕೊಂದು ಗಂಟೆ ತರಗತಿಯಲ್ಲಿ ಕೂತರೂ ಅದು ಮಗುವಿನ ಬದುಕು. ಬರಲಾಗದಿದ್ದರೆ ಟೀಚರ್ ಇಬ್ಬರು ಗೆಳೆಯರನ್ನು ಮನೆಗೆ ಕರೆತರಬಹುದು, ಪಾಠದ ನೋಟ್ಸು ಕಳಿಸಬಹುದು.

ಮನೆಯ ಇನ್ನೊಂದು ಮಗು

ಅಣ್ಣತಮ್ಮ, ಅಕ್ಕತಂಗಿಯರನ್ನು ಅಜ್ಜಿಮನೆಗೆ ಕಳಿಸಿಬಿಡುವುದು ನಮ್ಮ ರೂಢಿ. ಉದ್ದೇಶ ಒಳ್ಳೆಯದೇ, ಆದರೆ ತಿಂಗಳ ಮೇಲೆ ಮರಳಿದ ಮಗುವಿಗೆ ಮನೆಯಲ್ಲಿ ಒಬ್ಬರು ಕಡಿಮೆಯಾಗಿರುತ್ತಾರೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಐದಾರು ವರ್ಷದೊಳಗಿನವರಿಗೆ ಸತ್ತವರು ವಾಪಸ್ ಬರುವುದಿಲ್ಲ ಎಂಬುದು ಪೂರ್ತಿ ಅರ್ಥವಾಗುವುದಿಲ್ಲ. ‘ಮಲಗಿದ್ದಾಳೆ’ ಎಂದರೆ ಮಲಗಲು ಹೆದರುತ್ತಾರೆ. ‘ಊರಿಗೆ ಹೋಗಿದ್ದಾಳೆ’ ಎಂದರೆ ಹೇಳದೆ ಹೋದಳೆಂದು ಮುನಿಯುತ್ತಾರೆ. ‘ದೇವರಿಗೆ ಇಷ್ಟವಾಗಿ ಕರ್ಕೊಂಡ’ ಎಂದರೆ ನಾಳೆ ನನ್ನನ್ನೂ ಕರೆದಾನು ಎಂದು ನಡುಗುತ್ತಾರೆ. ‘ಅವಳಿಗೆ ತುಂಬ ದೊಡ್ಡ ಕಾಯಿಲೆ ಇತ್ತು, ನೆಗಡಿ ಜ್ವರದಂಥದ್ದಲ್ಲ. ಅವಳ ಮೈ ಕೆಲಸ ಮಾಡೋದು ನಿಲ್ಲಿಸ್ತು. ಸತ್ತುಹೋದಳು. ನಿನ್ನಿಂದ ಆದದ್ದಲ್ಲ’ ಎಂದು ಸರಳವಾಗಿ ಹೇಳಿ. ಕೊನೆಯ ವಾಕ್ಯವನ್ನು ಬಿಡಬೇಡಿ. ನಾನು ಅವಳ ಜೊತೆ ಜಗಳ ಆಡಿದ್ದಕ್ಕೇ ಹೀಗಾಯಿತು ಎಂದು ನಂಬಿ ವರ್ಷಗಟ್ಟಲೆ ಬಾಯಿಬಿಡದ ಮಕ್ಕಳಿರುತ್ತಾರೆ.

ಕಾಯಿಲೆಯ ದಿನಗಳಲ್ಲೂ ಆ ಮಗುವನ್ನು ಹತ್ತಿರ ಇರಿಸಿಕೊಳ್ಳಿ. ನೀರಿನ ಲೋಟ ತರುವುದು, ಕಥೆ ಓದುವುದು, ಪಕ್ಕದಲ್ಲಿ ಕೂತು ಟಿವಿ ನೋಡುವುದು ಅದರ ಪಾಲಿನ ಆರೈಕೆ. ಅದರ ಹೋಮ್‌ವರ್ಕು, ಟಿಫಿನ್ ಡಬ್ಬಿ, ಹುಟ್ಟುಹಬ್ಬ ಮರೆತುಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಅತ್ತೆಯೋ ದೊಡ್ಡಮ್ಮನೋ ಪೂರ್ತಿಯಾಗಿ ವಹಿಸಿಕೊಳ್ಳಲಿ.

ಕೊನೆಯ ದಿನಗಳಲ್ಲಿ ಕಾಣುವುದು

ಏನಾಗಬಹುದೆಂದು ಮೊದಲೇ ಗೊತ್ತಿದ್ದರೆ ಭಯ ಅರ್ಧ ಕಡಿಮೆ. ಮಗು ದಿನದ ಹೆಚ್ಚು ಹೊತ್ತು ನಿದ್ರಿಸುತ್ತದೆ. ಊಟ ಬೇಡವೆನ್ನುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಕೈಕಾಲು ತಣ್ಣಗಾಗಿ ಚರ್ಮದ ಮೇಲೆ ನೀಲಿ ಮಚ್ಚೆಗಳಂತೆ ಕಾಣಬಹುದು. ಉಸಿರು ಕೆಲವು ಸಲ ಜೋರಾಗಿ, ಆಮೇಲೆ ನಿಂತೇಹೋದಂತೆ, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಕೇಳುವವರಿಗೆ ಅದು ಸಂಕಟ, ಮಂಪರಿನಲ್ಲಿರುವ ಮಗುವಿಗೆ ಸಾಮಾನ್ಯವಾಗಿ ಅದರ ಅರಿವಿರುವುದಿಲ್ಲ.

ಊಟದ ವಿಷಯದಲ್ಲಿ ತಾಯಂದಿರು ಪಡುವ ಸಂಕಟ ಹೇಳತೀರದು. ಮಗು ಹಸಿದು ಹೋಯಿತು ಎಂಬ ಮಾತು ಜೀವಮಾನವಿಡೀ ಚುಚ್ಚುತ್ತದೆ. ಆದರೆ ಮೈ ಸೋಲುತ್ತಿರುವಾಗ ಹಸಿವೇ ಆಗುವುದಿಲ್ಲ. ಬಲವಂತದ ತುತ್ತು ಶ್ವಾಸನಾಳಕ್ಕೆ ಹೋಗುತ್ತದೆ, ಮೇಲಿಂದ ಮೇಲೆ ಏರಿಸಿದ ಗ್ಲೂಕೋಸು ಕಫವಾಗಿ, ಊತವಾಗಿ ತೊಂದರೆ ಕೊಡುತ್ತದೆ. ಇಷ್ಟಪಟ್ಟರೆ ಒಂದು ಚಮಚ ಐಸ್‌ಕ್ರೀಮು, ಎಳನೀರಿನ ಎರಡು ಹನಿ. ಇಲ್ಲವಾದರೆ ಒದ್ದೆ ಹತ್ತಿಯಿಂದ ಬಾಯಿ ಒರೆಸುವುದು, ತುಟಿಗೆ ಸ್ವಲ್ಪ ಬೆಣ್ಣೆ ಸವರುವುದು, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ತಾಯಿಯ ಕೈಗೆ ಈ ಕೆಲಸಗಳಿರಲಿ. ಉಸಿರು ಕಟ್ಟಿದಂತಾದರೆ ತಲೆಭಾಗ ಎತ್ತರಿಸಿ, ಮುಖಕ್ಕೆ ಗಾಳಿ ತಾಗುವಂತೆ ಫ್ಯಾನ್ ಇಡಿ; ಅದಕ್ಕೂ ಮಾರ್ಫಿನ್ ನೆರವಾಗುತ್ತದೆ. ಫಿಟ್ಸಿಗೆ ಮೂಗಿಗೆ ಹೊಡೆಯುವ ಮಿಡಾಜೋಲಮ್ ಸ್ಪ್ರೇ ಮನೆಯಲ್ಲಿದ್ದರೆ ರಾತ್ರಿಯ ಓಟ ತಪ್ಪುತ್ತದೆ. ರಕ್ತದ ಕ್ಯಾನ್ಸರ್ ಮಕ್ಕಳಲ್ಲಿ ರಕ್ತಸ್ರಾವವಾಗಬಹುದು. ಕಡುಬಣ್ಣದ ಟವೆಲ್ಲು, ದುಪ್ಪಟಿ ಹತ್ತಿರ ಇಟ್ಟುಕೊಂಡಿರಿ. ಬಿಳಿ ಬಟ್ಟೆಯ ಮೇಲೆ ಕಂಡ ರಕ್ತ ಮಗುವನ್ನೂ ಮನೆಯವರನ್ನೂ ಬಹಳ ಹೆದರಿಸುತ್ತದೆ.

ಮಾತಾಡುತ್ತಿರಿ. ಪ್ರತಿಕ್ರಿಯೆ ಇಲ್ಲದಾಗಲೂ ಕಿವಿ ಕೇಳುತ್ತಿರಬಹುದೆಂದು ಭಾವಿಸಿ ನಡೆದುಕೊಳ್ಳುವುದು ಒಳ್ಳೆಯದು. ಆ ಹೊತ್ತಿನಲ್ಲಿ ಹೆದರಿ ಆಂಬುಲೆನ್ಸ್ ಕರೆದು, ಐಸಿಯುನಲ್ಲಿ ಎದೆ ಒತ್ತಿಸಿ, ಗಾಜಿನ ಬಾಗಿಲಾಚೆ ನಿಲ್ಲಬೇಕಾಗಿ ಬರುವ ಕುಟುಂಬಗಳು ಬಹಳ. ಎಲ್ಲಿರಬೇಕು ಎಂಬುದನ್ನು ವೈದ್ಯರ ಜೊತೆ ಮೊದಲೇ ಮಾತಾಡಿ ತೀರ್ಮಾನಿಸಿ. ಮನೆಯೇ ಸರಿ ಎನ್ನುವಂತಿಲ್ಲ. ಒಂದೇ ಕೋಣೆಯ ಬಾಡಿಗೆಮನೆಯಲ್ಲಿ, ಮಾಲೀಕರ ಮುಜುಗರದ ನಡುವೆ ನೋಡಿಕೊಳ್ಳಲಾಗದವರಿಗೆ ಕರುಣಾಶ್ರಯದಂಥ ಹಾಸ್ಪಿಸ್ ಒಳ್ಳೆಯ ಆಯ್ಕೆ.

ಆಮೇಲೆ, ಆತುರವಿಲ್ಲದೆ

ಮಗು ಹೋದ ಗಳಿಗೆಯಿಂದ ಮನೆಯಲ್ಲಿ ಆತುರ ಶುರುವಾಗುತ್ತದೆ. ಹೊತ್ತು ಮುಳುಗುವುದರೊಳಗೆ ಮುಗಿಸಬೇಕು, ತಾಯಿಗೆ ತೋರಿಸಬೇಡಿ, ಒಳಗೆ ಕರ್ಕೊಂಡು ಹೋಗಿ ಎಂದು. ದಯವಿಟ್ಟು ತಾಯಿಗೆ ಸಮಯ ಕೊಡಿ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಲಿ, ತಾನೇ ಸ್ನಾನ ಮಾಡಿಸಲಿ, ಇಷ್ಟದ ಅಂಗಿ ತೊಡಿಸಲಿ. ಅಂಗೈಯ ಅಚ್ಚು, ಒಂದು ಗೊಂಚಲು ಕೂದಲು ಬೇಕೆಂದರೆ ತೆಗೆದುಕೊಡಿ. ಸ್ಮಶಾನಕ್ಕೆ ಬರುತ್ತೇನೆಂದರೆ ತಡೆಯುವ ಮುನ್ನ ಯೋಚಿಸಿ. ಮಣ್ಣು ಎಲ್ಲಿ ಹಾಕಿದರೆಂದು ಗೊತ್ತಿಲ್ಲದ ತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ.

ಮೊಲೆಹಾಲು ಕುಡಿಯುವ ಕೂಸು ಹೋದಾಗ ಯಾರೂ ಎತ್ತದ ವಿಷಯ ಒಂದಿದೆ. ತಾಯಿಗೆ ಹಾಲು ಬರುತ್ತಲೇ ಇರುತ್ತದೆ, ಎದೆ ಕಲ್ಲಾಗಿ ಜ್ವರ ಬರಬಹುದು. ಬಿಗಿಯಾಗಿ ಬಟ್ಟೆ ಕಟ್ಟುವ ಹಳೆಯ ಪದ್ಧತಿ ತೊಂದರೆ ಹೆಚ್ಚಿಸುತ್ತದೆ. ತಣ್ಣನೆಯ ಬಟ್ಟೆ ಇಡುವುದು, ಭಾರ ಇಳಿಯುವಷ್ಟು ಮಾತ್ರ ಹಿಂಡಿ ತೆಗೆಯುವುದು ಸರಿ. ಹಾಲು ನಿಲ್ಲಿಸಲು ಮಾತ್ರೆ ಬೇಕೇ ಎಂದು ಡಾಕ್ಟರನ್ನು ಕೇಳಿ.

ಕಾಗದದ ಕೆಲಸ ಬೇರೆಯವರದು. ಗೊತ್ತಿರುವ ಕಾಯಿಲೆಯಿಂದ ಮನೆಯಲ್ಲಿ ಸತ್ತರೆ ಪೊಲೀಸರಿಗೆ ಹೇಳಬೇಕಾದ್ದಿಲ್ಲ, ಪೋಸ್ಟ್‌ಮಾರ್ಟಂ ಇಲ್ಲ. ನೋಡುತ್ತಿದ್ದ ವೈದ್ಯರಿಂದ ಮರಣ ಕಾರಣದ ಪ್ರಮಾಣಪತ್ರ, ನಮೂನೆ 4ಎ, ಬರೆಸಿ, 21 ದಿನದೊಳಗೆ ನೋಂದಣಿ ಮಾಡಿಸಬೇಕು. ಡಿಸ್ಚಾರ್ಜ್ ಸಮ್ಮರಿಯ ನೆರಳಚ್ಚು ಕೆಲಸಕ್ಕೆ ಬರುವುದು ಇಲ್ಲೇ. ಕಣ್ಣುದಾನ ಮಾಡಬೇಕೆನ್ನುವ ತಂದೆತಾಯಿ ಇರುತ್ತಾರೆ. ಆರು ಗಂಟೆಯೊಳಗೆ ನೇತ್ರನಿಧಿಗೆ ತಿಳಿಸಬೇಕು, ರಕ್ತದ ಕ್ಯಾನ್ಸರ್ ಇದ್ದ ಮಗುವಿನ ಕಣ್ಣನ್ನು ಅವರು ಸ್ವೀಕರಿಸುವುದಿಲ್ಲ.

ದೊಡ್ಡವರು ಸತ್ತರೆ ನಮ್ಮಲ್ಲಿ ಹಾಲುತುಪ್ಪ, ಹನ್ನೊಂದನೆಯ ದಿನ, ವರ್ಷದ ತಿಥಿ ಎಂದು ಜನ ಮತ್ತೆಮತ್ತೆ ಸೇರುವ ನೆಪಗಳಿವೆ. ಚಿಕ್ಕ ಮಕ್ಕಳಿಗೆ ಎಷ್ಟೋ ಸಮುದಾಯಗಳಲ್ಲಿ ಆ ಕ್ರಿಯೆಗಳಿಲ್ಲ, ಸೂತಕವೂ ಚುಟುಕು. ಅತ್ಯಂತ ದೊಡ್ಡ ಶೋಕಕ್ಕೆ ಅತ್ಯಂತ ಕಡಿಮೆ ದಿನ ದೊರೆಯುತ್ತದೆ. ಮೂರನೇ ದಿನಕ್ಕೆ ಅಂಗಳ ಖಾಲಿ, ಎರಡನೇ ವಾರಕ್ಕೆ ಅಪ್ಪ ಕೆಲಸಕ್ಕೆ. ಹೀಗಾಗಿ ಸಂಪ್ರದಾಯ ಕೊಡದ ದಿನಗಳನ್ನು ನೆರೆಹೊರೆಯವರೇ ಕೊಡಬೇಕು. ಎರಡನೇ ತಿಂಗಳಲ್ಲಿ, ಆರನೇ ತಿಂಗಳಲ್ಲಿ, ಮಗುವಿನ ಹುಟ್ಟುಹಬ್ಬದಂದು, ಶಾಲೆ ಮತ್ತೆ ಶುರುವಾಗುವ ಜೂನ್ ತಿಂಗಳಲ್ಲಿ ಹೋಗಿ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಅವರು ಹೇಳುವುದಿಲ್ಲ. ‘ಮಂಗಳವಾರ ಸಾರು ಪಲ್ಯ ನಾನು ತರ್ತೀನಿ’, ‘ಆಸ್ಪತ್ರೆ ಬಿಲ್ಲಿನ ವಿಷಯ ನಾನು ವಿಚಾರಿಸ್ತೀನಿ’ ಅನ್ನಿ.

ಮಾತಾಡುವುದಾದರೆ ಮಗುವಿನ ಹೆಸರೆತ್ತಿ ಮಾತಾಡಿ. ನೆನಪಿಸಿದರೆ ನೋವಾಗುತ್ತದೆಂದು ಎಲ್ಲರೂ ಹೆಸರೆತ್ತದೆ ಸುಮ್ಮನಾಗುತ್ತಾರೆ, ಆದರೆ ತಾಯಿ ಮರೆತೇ ಇರುವುದಿಲ್ಲ. ‘ಇನ್ನೊಂದು ಮಾಡ್ಕೊಳ್ಳಿ’, ‘ಒಂದಾದರೂ ಉಳಿದಿದೆಯಲ್ಲ’, ‘ನರಳೋದಕ್ಕಿಂತ ಹೋಗಿದ್ದೇ ವಾಸಿ’, ‘ಯಾವ ಜನ್ಮದ ಕರ್ಮವೋ’ ಎಂಬ ಮಾತುಗಳನ್ನು ಹಿರಿಯರು ಆಡಿದರೂ ನೀವು ಆಡಬೇಡಿ. ಅಪ್ಪನನ್ನು ‘ನೀನೇ ಧೈರ್ಯ ತಗೋಬೇಕಪ್ಪ’ ಎಂದು ಬಾಯಿಮುಚ್ಚಿಸಬೇಡಿ. ಅಳಲು ಜಾಗ ಸಿಗದ ಗಂಡಸು ಕುಡಿತಕ್ಕೆ ಬೀಳುವುದನ್ನು, ಮೈಮುರಿಯುವಷ್ಟು ಕೆಲಸಕ್ಕೆ ಬೀಳುವುದನ್ನು ಊರೂರಲ್ಲಿ ನೋಡುತ್ತೇವೆ. ಗಂಡಹೆಂಡಿರ ದುಃಖದ ಲಯ ಬೇರೆಬೇರೆ ಇರುತ್ತದೆ. ಆತ ಫೋಟೋ ಒಳಗಿಡುತ್ತಾನೆ, ಆಕೆ ಹೊರಗಿಡುತ್ತಾಳೆ. ಅದರಿಂದ ಪ್ರೀತಿ ಯಾರದು ಹೆಚ್ಚೆಂದು ಅಳೆಯುವುದು ತಪ್ಪು.

ವರ್ಷವಾದರೂ ಎದ್ದು ಓಡಾಡಲಾಗದಿದ್ದರೆ, ಬದುಕಿರುವ ಮಗುವಿನ ಕಡೆ ತಿರುಗಿಯೂ ನೋಡದಿದ್ದರೆ, ‘ನಾನೂ ಅವನ ಹತ್ತಿರ ಹೋಗಬೇಕು’ ಎಂಬ ಮಾತು ಬಂದರೆ ತಡಮಾಡಬೇಡಿ. ಕೊನೆಯ ಮಾತಿಗಂತೂ ವರ್ಷ ಕಾಯುವಂತಿಲ್ಲ, ಅದೇ ದಿನ ನೆರವು ಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇಡೀ ದೇಶದಲ್ಲಿ ಅದರ ಮುಖ್ಯ ಕೇಂದ್ರ.

ಇನ್ನೊಂದು ಕೆಲಸ ಉಳಿಯುತ್ತದೆ. ಎರಡು ಮೂರು ತಿಂಗಳಾದ ಮೇಲೆ ಸಾಧ್ಯವಾದರೆ ಮಗುವನ್ನು ನೋಡಿದ ವೈದ್ಯರನ್ನು ಮತ್ತೊಮ್ಮೆ ಭೇಟಿಯಾಗಿ. ‘ಬೇಗ ಕರ್ಕೊಂಡು ಬಂದಿದ್ದರೆ ಉಳೀತಿತ್ತಾ?’ ಎಂಬ ಪ್ರಶ್ನೆ ಮನಸ್ಸಿನಲ್ಲಿ ಕೊಳೆಯುವ ಬದಲು ಉತ್ತರ ಪಡೆಯಲಿ. ಬಹುತೇಕ ಮಕ್ಕಳ ಕ್ಯಾನ್ಸರ್‌ಗೆ ತಂದೆತಾಯಿ ಮಾಡಿದ, ಮಾಡದ ಯಾವುದೂ ಕಾರಣವಲ್ಲ. ಕಾಯಿಲೆ ವಂಶವಾಹಿಯದಾಗಿದ್ದರೆ ಮುಂದಿನ ಬಸಿರಿಗೆ ಮೊದಲೇ ತಳಿವಿಜ್ಞಾನದ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅಂಥದೊಂದು ಜಾಗ. ಸೋದರಮಾವ, ಅತ್ತೆಮಗನ ಮದುವೆಗಳಿರುವ ನಮ್ಮ ಕಡೆ ಇದು ಹೆಚ್ಚು ಅಗತ್ಯ. ಸ್ನಾಯುಗಳು ಸೊರಗುವ ಎಸ್‌ಎಂಎ ತರಹದ ಕಾಯಿಲೆಯಲ್ಲಿ ಗಂಡಹೆಂಡತಿ ಇಬ್ಬರೂ ಒಂದೊಂದು ದೋಷವನ್ನು ಹೊತ್ತಿರುತ್ತಾರೆ, ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲಿ ಒಂದು ಪಾಲು. ಡುಶೇನ್ ಕಾಯಿಲೆಯಲ್ಲಿ ದೋಷ ತಾಯಿಯಿಂದ ಬರಬಹುದು, ಸುಮಾರು ಮೂರರಲ್ಲೊಂದು ಮಗುವಿನಲ್ಲಿ ಹೊಸದಾಗಿಯೂ ಹುಟ್ಟಿರುತ್ತದೆ. ಮೂಲ ಪರೀಕ್ಷೆಯ ವರದಿ ಇದ್ದರೆ ಮುಂದಿನ ಗರ್ಭದಲ್ಲಿ ಮೂರನೇ ತಿಂಗಳ ಹೊತ್ತಿಗೇ ಪರೀಕ್ಷಿಸಬಹುದು. ಆದ್ದರಿಂದ ‘ನೋಡಿದಷ್ಟೂ ಸಂಕಟ’ ಎಂದು ಆಸ್ಪತ್ರೆಯ ಫೈಲನ್ನು ಸುಟ್ಟುಹಾಕಲು ಬಿಡಬೇಡಿ; ಸದ್ಯಕ್ಕೆ ನೀವೇ ನಿಮ್ಮ ಮನೆಯಲ್ಲಿ ತೆಗೆದಿಟ್ಟುಕೊಂಡಿರಿ. ‘ಸೊಸೆಯ ಕಡೆಯಿಂದ ಬಂತು’ ಎಂಬ ಮಾತು ಅತ್ತೆಮನೆಯಲ್ಲಿ ಎದ್ದರೆ, ತಳಿವಿಜ್ಞಾನದ ವೈದ್ಯರ ಭೇಟಿಗೆ ಅತ್ತೆ ಮಾವನನ್ನೂ ಜೊತೆಗೆ ಕರೆದುಕೊಂಡು ಹೋಗಿ ನಿಜವನ್ನು ವೈದ್ಯರ ಬಾಯಿಂದಲೇ ಕೇಳಿಸಿ.